ಟಿವಿ ತುಂಬ್ಲಿ ಅಂತ ಅವ್ವನ್ನ ಎಳೀಬ್ಯಾಡ್ರಿ

ಹೋದ ತಿಂಗಳ ನನ್ನ ಮದುವಿ ಕ್ಯಾಸೆಟ್ಟು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದ್ವಿ. 1990ರ ಮದುವಿ. ಸಂಜೀಮುಂದ ಚುರಮರಿ ಹಚ್ಚಿಕೊಂಡು ಎಲ್ಲಾರೂ ಹೊಸಾ ಟಿವಿ ಮುಂದ ಕೂತ್ವಿ. ನಮ್ಮವ್ವ ಆರತಿ ತಾಟು ಹಿಡಕೊಂಡು ಬಂದ್ಲು. ಮಮ್ಮಗಳು ಕೇಳಿದ್ಲು, "ಅಜ್ಜಿ, ನಿಮ್ಮವ್ವ ಇಷ್ಟು ದಪ್ಪ ಇದ್ಲೇನು?"

ನನ್ನ ಕರುಳು ಚುರ್ ಅಂತು. ನಮ್ಮವ್ವ ಕಡ್ಡಿಹಂಗ ಇದ್ಲು. ಆಕಿ ಹೋಗಿ ಇಪ್ಪತ್ತು ವರ್ಷ ಆತು. ಆಕಿ ನಡದಾಡೂದು, ನಗೂದು ನೋಡಬೇಕಂದ್ರ ನಮಗ ಇದೊಂದ ಕ್ಯಾಸೆಟ್ಟು.

ಆಮ್ಯಾಲೆ ತಾಟಿನ ಕಡೆ ನೋಡಿದೆ. ಅದೂ ದುಂಡಗ ಇರಲಿಲ್ಲ, ಅಡ್ಡಕ್ಕ ಎಳದಂಗ ಆಗಿತ್ತು. ಆಗ ಗೊತ್ತಾತು.

ಹಳೇ ಟಿವಿ ಅಗಲ 4 ಇದ್ರ ಎತ್ತರ 3. ಈಗಿನ ಟಿವಿ ಅಗಲ 16, ಎತ್ತರ 9. ಹಳೇ ಚಿತ್ರಾನ ಇದರಾಗ ಅಂಚಿನಿಂದ ಅಂಚಿಗೆ ಎಳದ್ರ ಪ್ರತಿಯೊಬ್ಬರೂ ಮೂರನೇ ಒಂದು ಭಾಗ ಅಗಲ ಆಗ್ತಾರ. ಅಂಗಡಿಯವರು ಹಂಗ ಮಾಡಿ ಕೊಟ್ಟಿದ್ರು. ಕೇಳಿದ್ರ, "ಎರಡೂ ಬಾಜೂ ಕರೀ ಪಟ್ಟಿ ಬಂದ್ರ ಮಂದಿ ಬೈತಾರ್ರೀ ಅಕ್ಕಾರ" ಅಂದ್ರು.

ನಮ್ಮ ವೈನಿದೂ ಅದ ಮಾತು. "ಅಷ್ಟು ರೊಕ್ಕಾ ಕೊಟ್ಟು ಟಿವಿ ತಂದು ಕರೀ ಪಟ್ಟಿ ನೋಡೂದೇನ?" ಇರಲಿ ವೈನಿ, ಎರಡೂ ಕಡೆ ಸೇರಿ ಕಾಲುಭಾಗ ಅಷ್ಟ. ಖಾಲಿ ಜಾಗಾ ಸುಳ್ಳು ಹೇಳೂದಿಲ್ಲ, ಎಳದ ಮಾರಿ ಹೇಳ್ತದ. ನಾಲ್ಕು ಮಂದಿ ಶಿರಾ ಎಂಟು ಮಂದಿಗೆ ಮಾಡೂಮುಂದ ರವಾ ಒಂದ ಎರಡರಷ್ಟು ಹಾಕಿ ಸಕ್ರಿ ಅಷ್ಟ ಬಿಟ್ರ ನೀವ ತಿಂತೀರೇನು? ಇದೂ ಹಂಗ. ದೊಡ್ಡದು ಮಾಡಿದ್ರ ಅಗಲ, ಎತ್ತರ ಎರಡೂ ಕೂಡೇ ಬೆಳೀಬೇಕು.

ಇನ್ನ ಕೆಲವರು ಎಳೀಯೂದಿಲ್ಲ, ಹಿಗ್ಗಿಸಿ ಮ್ಯಾಲಿಂದು ಕೆಳಗಿಂದು ಕತ್ತರಸ್ತಾರ. ಹಂಗ ಮಾಡಿದ್ರ ಎತ್ತರದಾಗ ಕಾಲುಭಾಗ ಹೋಗ್ತದ. ಮ್ಯಾಲೆ ಬಾಸಿಂಗ ಹೋತು, ಕೆಳಗ ಕೂತ ಮುತ್ತೈದ್ಯಾರು ಹೋದ್ರು. ಎಳದದ್ದನ್ನ ತಿರುಗಿ ಕುಗ್ಗಿಸಬಹುದು. ಕತ್ತರಿಸಿ ತುಂಬಿಸಿಟ್ಟ ಪ್ರತಿಯೊಳಗ ಹೋದದ್ದು ಮತ್ತ ಬರೂದಿಲ್ಲ.

ಅದಕ್ಕ ನಿಮಗೆಲ್ಲಾ ಹೇಳ್ತೇನಿ. ಕ್ಯಾಸೆಟ್ಟು ಕೊಡೂಮುಂದ "4ಕ್ಕ 3 ಹಂಗ ಇರಲಿ" ಅಂತ ಬಾಯಿಬಿಟ್ಟು ಹೇಳ್ರಿ. ಎತ್ತರ 1080 ಮಾಡಿದ್ರ ಅಗಲ 1440 ಇರಬೇಕು, 1920 ಅಲ್ಲ. ಅಳತಿ ಬದಲಸೂ ಸಾಫ್ಟ್‌ವೇರಿನ್ಯಾಗ ಒಂದು ಅಂಕಿ ಹಾಕಿದ್ರ ಇನ್ನೊಂದು ತಾನ ಬರೂಹಂಗ ಕೀಲಿ ಹಾಕಬಹುದು. ರೊಕ್ಕಾ ಕೊಡೂಕಿಂತ ಮೊದಲ ದುಂಡನ ಸಾಮಾನು ನೋಡ್ರಿ: ತಾಟು, ಬಳಿ, ಹಣಿಮ್ಯಾಲಿನ ಕುಂಕುಮ. ಅವು ದುಂಡಗ ಇದ್ರ ಮಂದೀನೂ ಸರಿ ಇರ್ತಾರ. ಹಳೇ ಕ್ಯಾಸೆಟ್ಟು ಒಗೀಬ್ಯಾಡ್ರಿ.

ಈಗಾಗಲೇ ಎಳದು ಕೊಟ್ಟಿದ್ರ ಟಿವಿ ರಿಮೋಟಿನ್ಯಾಗ ಚಿತ್ರದ ಅಳತಿ 4:3 ಅಂತ ಇಡ್ರಿ. ನಾವೂ ಹಂಗ ಮಾಡಿದ್ವಿ. ಪಟ್ಟಿ ಬಂತು, ತಾಟು ದುಂಡಗಾತು, ಅವ್ವ ಬಂದ್ಲು.

ಮಮ್ಮಗಳು ಸ್ವಲ್ಪ ಹೊತ್ತು ನೋಡಿ, "ಈಕಿ ನಮ್ಮಮ್ಮನ ಹಂಗ ಇದ್ದಾಳ" ಅಂದ್ಲು. ವೈನಿ ಪಟ್ಟಿ ಸುದ್ದಿ ಮತ್ತ ತಗೀಲಿಲ್ಲ.