ನೇರಳೆ ವಸ್ತ್ರದ ಮರೆಯಲ್ಲಿ

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಕಬುಕಿ ನಾಟಕದ ನಟರನ್ನು ಕುರಿತವು ಜಗತ್ಪ್ರಸಿದ್ಧವಾಗಿವೆ. ಆ ರೇಷ್ಮೆಯ ಉಡುಗೆಗೆ, ಕತ್ತಿನ ಆ ಲಲಿತವಾದ ಬಾಗಿಗೆ ಮರುಳಾಗುವ ಮುನ್ನ ನಾವು ಒಂದು ಸಂಗತಿಯನ್ನು ನೆನೆಯುವುದು ಯುಕ್ತ: ಅಲ್ಲಿ ಸ್ತ್ರೀವೇಷದಲ್ಲಿ ಕಾಣುವವರೆಲ್ಲರೂ ಪುರುಷರು.

ಕಬುಕಿಗೆ ನಾಂದಿ ಹಾಡಿದವಳು ಒಕುನಿ ಎಂಬ ಹೆಂಗಸು. 1603ರ ಸುಮಾರಿನಲ್ಲಿ, ಕ್ಯೋಟೊ ನಗರದಲ್ಲಿ. 1629ರಲ್ಲಿ ಶೋಗನ್ ಸರ್ಕಾರವು ಸ್ತ್ರೀಯರನ್ನೇ ರಂಗದಿಂದ ಹೊರಗಟ್ಟಿತು. ಅವರ ಸ್ಥಾನಕ್ಕೆ ಬಂದ ಎಳೆಯ ತರುಣರಿಗೂ 1652ರಲ್ಲಿ ಅದೇ ಗತಿಯಾಯಿತು. ನಟರು ಪ್ರಾಯದ ಗಂಡಸರಂತೆ ಮುಂದಲೆ ಬೋಳಿಸಬೇಕೆಂಬ ಕಟ್ಟಳೆಯೊಡನೆ ಆಟ ಮತ್ತೆ ಆರಂಭವಾಯಿತು. ಸ್ತ್ರೀಪಾತ್ರಧಾರಿಗಳು ಬೋಳಾದ ಭಾಗವನ್ನು ನೇರಳೆ ಬಣ್ಣದ ರೇಷ್ಮೆಯ ತುಂಡಿನಿಂದ ಮುಚ್ಚಿಕೊಂಡರು. ಅನೇಕ ಚಿತ್ರಗಳಲ್ಲಿ ಹಣೆಯ ಮೇಲೆ ಕಾಣುವ ವಸ್ತ್ರ ಅದೇ. ಶಾಸನವು ಮಾಡಿದ ಗಾಯಕ್ಕೆ ಕಟ್ಟಿದ ಪಟ್ಟಿಯೇ ನೋಡುವವರ ಕಣ್ಣಿಗೆ ಶೃಂಗಾರವಾಯಿತು!

ಸೋಜಿಗ ಇಷ್ಟಕ್ಕೇ ಮುಗಿಯದು. ಎರಡನೆಯ ಸೆಗಾವಾ ಕಿಕುನೊಜೊ ಎಂಬ ಸ್ತ್ರೀಪಾತ್ರಧಾರಿಯ ಹೆಸರಿನಿಂದ ಒಂದು ಬಗೆಯ ಕಂದು ಬಣ್ಣವೇ ಎದೊ ನಗರದ, ಎಂದರೆ ಇಂದಿನ ಟೋಕಿಯೊದ, ಹೆಂಗಸರಲ್ಲಿ ರೂಢಿಗೆ ಬಂತು. ರಂಗವನ್ನು ಏರಬಾರದವರು ರಂಗದ ಗಂಡಸನ್ನು ನೋಡಿ ಹೆಣ್ಣಿನ ಅಲಂಕಾರವನ್ನು ಕಲಿಯಬೇಕಾಯಿತು. ಇದನ್ನು ಬರಿಯ ವಿನೋದವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು.

ನಟನ ಪಾಡಾದರೂ ಹಿತವಾಗಿತ್ತೆ? ಯೋಧ, ರೈತ, ಕುಶಲಕರ್ಮಿ, ವರ್ತಕ ಎಂಬ ನಾಲ್ಕು ವರ್ಗಗಳಲ್ಲಿ ಅವನಿಗೆ ಎಡೆಯಿರಲಿಲ್ಲ. 'ನದೀತೀರದ ಜನ' ಎಂಬುದು ಅವನಿಗಿದ್ದ ಹೀನ ನಾಮ. ಅಂತಹವನ ಮುಖವನ್ನು ಊರಿಗೆ ಊರೇ ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಿತ್ತು. ಸರ್ಕಾರಕ್ಕೆ ಈ ಪ್ರೀತಿ ಸೈರಿಸಲಿಲ್ಲ. ಶೋಗನನ ಅಂತಃಪುರದ ಎಜಿಮಾ ಎಂಬಾಕೆ ನಟ ಇಕುಶಿಮಾ ಶಿಂಗೊರೊನೊಡನೆ ಸಲಿಗೆಯಿಂದಿದ್ದಳೆಂದು 1714ರಲ್ಲಿ ಇಬ್ಬರನ್ನೂ ಗಡೀಪಾರು ಮಾಡಿ, ಒಂದು ನಾಟಕಶಾಲೆಯನ್ನೇ ಮುಚ್ಚಿಸಿದರು. 1842ರಲ್ಲಿ ನಟರ ಚಿತ್ರಗಳೇ ನಿಷಿದ್ಧವಾದವು. ಏಳನೆಯ ಇಚಿಕಾವಾ ದಂಜೂರೊ ಅದೇ ವರ್ಷ ಎದೊವಿನಿಂದ ಹೊರದೂಡಲ್ಪಟ್ಟನು.

ಇಷ್ಟನ್ನು ಅರಿತು ನೋಡಿದಾಗ ಶರಾಕುವೇ ನಮಗೆ ಎಲ್ಲರಿಗಿಂತ ಮಾನ್ಯನಾಗಿ ತೋರುತ್ತಾನೆ. 1794-95ರಲ್ಲಿ ಹತ್ತು ತಿಂಗಳಷ್ಟೇ ಚಿತ್ರ ರಚಿಸಿ ಮರೆಯಾದವನು ಅವನು. ಇತರರು ಸ್ತ್ರೀವೇಷದಲ್ಲಿ ಸುಂದರಿಯನ್ನೇ ಬರೆದರೆ, ಇವನು ಬಿಳಿಯ ಲೇಪದ ಕೆಳಗಿನ ಗಡುಸು ದವಡೆಯನ್ನೂ ಪ್ರಾಯದ ಬಳಲಿಕೆಯನ್ನೂ ಬಿಡದೆ ಬರೆದನು. ಅತಿ ನಿಜವಾಗಿ ಬರೆದುದೇ ಅವನಿಗೆ ಮುಳುವಾಯಿತೆಂದು ಆ ಕಾಲದವರೇ ಹೇಳಿದರು. ಅಭಿಮಾನಿಗಳಿಗೆ ಬೇಕಾದುದು ಗೊಂಬೆ. ಶರಾಕು ಕೊಟ್ಟುದು ಹೆಣ್ಣಾಗಲು ಶ್ರಮಿಸುತ್ತಿರುವ ಒಬ್ಬ ಮನುಷ್ಯನನ್ನು.