ಬೇಡವೆನ್ನುವ ಸ್ಟಾರ್ಟರಿನ ಬಾಯಿ ಕಟ್ಟಬೇಡಿ



ನಮ್ಮ ಬಬ್ಬೂರು, ಹಿರಿಯೂರು ಸೀಮೆಯ ತೋಟಗಳಿಗೆ ಮೊಬೈಲ್ ಸ್ಟಾರ್ಟರ್ ಈಗ ಹೊಸ ವಸ್ತುವೇನಲ್ಲ. ಮನೆಯ ಜಗುಲಿಯಲ್ಲಿ ಕುಳಿತೋ ಬೆಂಗಳೂರಿನ ಕಚೇರಿಯಲ್ಲಿ ಕುಳಿತೋ ಒಂದು ಕರೆ ಮಾಡಿದರೆ ಕೊಳವೆಬಾವಿಯ ಮೋಟಾರು ಓಡತೊಡಗುತ್ತದೆ. ಓಡದೆ ಹೋದ ದಿನ ರಿಪೇರಿಯವರು ಬರುತ್ತಾರೆ. ಪೆಟ್ಟಿಗೆಯ ಬಾಗಿಲು ತೆರೆದು, ಎರಡು ತಂತಿಗಳನ್ನು ಕಿತ್ತು ಒಂದಕ್ಕೊಂದು ಹೊಸೆದು, "ಡೈರೆಕ್ಟ್ ಮಾಡಿದ್ದೇನೆ, ಇನ್ನು ತೊಂದರೆಯಿಲ್ಲ" ಎಂದು ಹೇಳಿ ಹೋಗುತ್ತಾರೆ. ನೀರು ಬರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಈ ಸಮಾಧಾನದ ವಿರುದ್ಧವಾಗಿಯೇ ನಾನಿಂದು ಬರೆಯಹೊರಟಿದ್ದೇನೆ.

ನನ್ನ ವಾದ ಸರಳವಾದುದು. ಕರೆಗೆ ಓಗೊಡದ ಸ್ಟಾರ್ಟರು ಎಷ್ಟೋ ಸಲ ಕೆಟ್ಟಿರುವುದಿಲ್ಲ. ಅದು "ಬೇಡ" ಎನ್ನುತ್ತಿರುತ್ತದೆ. ಆ "ಬೇಡ"ಕ್ಕೆ ಕಾರಣವೇನೆಂದು ಕೇಳುವುದು ರಿಪೇರಿ. ಕೇಳದೆ ಅದರ ಬಾಯಿ ಕಟ್ಟುವುದು ರಿಪೇರಿಯಲ್ಲ, ಅಪರಾಧ.

ಈ ಯಂತ್ರವನ್ನು ಸೋಮಾರಿಗಳ ಆಟಿಕೆಯೆಂದು ಜರೆಯುವವರ ಪಕ್ಷ ನನ್ನದಲ್ಲ. ಕರೆಂಟು ರಾತ್ರಿ ಯಾವ ಹೊತ್ತಿಗೆ ಬಂದೀತೆಂದು ಕಾದು, ಬ್ಯಾಟರಿ ಹಿಡಿದು, ಹಾವು ಕರಡಿಗಳಿಗೆ ಅಂಜುತ್ತ ತೋಟಕ್ಕೆ ನಡೆದವರ ಕಷ್ಟವನ್ನು ಬಲ್ಲವರು ಹಾಗೆ ಮಾತನಾಡಲಾರರು. ಈ ಕಷ್ಟವನ್ನು ಕಂಡೇ ಪುಣೆಯ ಸಂತೋಷ್ ಓಸ್ತ್ವಾಲ್ ಅವರು 'ನ್ಯಾನೋ ಗಣೇಶ್' ಎಂಬ ಮೊಬೈಲ್ ನಿಯಂತ್ರಕವನ್ನು ರೂಪಿಸಿದರು. 2009ರಲ್ಲಿ ಅದಕ್ಕೆ ನೋಕಿಯಾ ಸಂಸ್ಥೆಯ ಸ್ಪರ್ಧೆಯಲ್ಲಿ ಬಹುಮಾನವೂ ಬಂದಿತು. ಒಳ್ಳೆಯ ವಸ್ತು. ಅದನ್ನು ನಾವು ಬಳಸುವ ರೀತಿಯೇ ಒಳ್ಳೆಯದಲ್ಲ.

ಮೊದಲು ಅದು ಯಾವಾಗ "ಬೇಡ" ಎನ್ನುತ್ತದೆ ಎಂಬುದನ್ನು ನೋಡೋಣ. ಮೂರು ಫೇಸುಗಳಲ್ಲಿ ಒಂದು ಕಡಿದುಹೋಗಿದ್ದರೆ ಬೇಡ ಎನ್ನುತ್ತದೆ. ಏಕೆಂದರೆ ಮೂವರು ಹೊರಬೇಕಾದ ಹೊರೆಯನ್ನು ಇಬ್ಬರ ಹೆಗಲಿಗೆ ಹಾಕಿದರೆ ಉಳಿದ ತಂತಿಗಳಲ್ಲಿ ಕರೆಂಟು ಏರಿ ಸುರುಳಿ ಸುಡುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 300 ಇದ್ದರೂ ಬೇಡ ಎನ್ನುತ್ತದೆ. ಟಿ.ಸಿ. ರಿಪೇರಿಯಾದ ಮೇಲೆ ಫೇಸುಗಳು ಅದಲುಬದಲಾಗಿದ್ದರೆ ಮೋಟಾರು ಹಿಮ್ಮುಖವಾಗಿ ತಿರುಗೀತೆಂದು ಕೆಲವು ಸ್ಟಾರ್ಟರುಗಳು ಒಪ್ಪುವುದಿಲ್ಲ. ಮರಳು ಸೇರಿ ಪಂಪು ಬಿಗಿದಿದ್ದರೆ ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತದೆ. ಬಾವಿಯಲ್ಲಿ ನೀರೇ ಇಲ್ಲದಿದ್ದರೆ ಮೋಟಾರು ಎಳೆಯುವ ಕರೆಂಟು ತಗ್ಗುತ್ತದೆ; ಅದನ್ನರಿತು ಸ್ಟಾರ್ಟರು ನಿಂತುಬಿಡುತ್ತದೆ.

ಈ ಕೊನೆಯ ಕಾರಣ ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಬರಗಾಲಗಳಲ್ಲಿ ತೆಂಗಿನ ತೋಟಗಳು ಒಣಗಿದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ನೆಲದಡಿಯ ನೀರು ಇಳಿದುದನ್ನು ಹೇಳಿದ ಸ್ಟಾರ್ಟರನ್ನೇ ಹಾಳು ಪೆಟ್ಟಿಗೆಯೆಂದು ಬೈದವರೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಹಾಗಾದರೆ ಸ್ಟಾರ್ಟರು ಕೆಡುವುದೇ ಇಲ್ಲವೇ? ಕೆಡುತ್ತದೆ. ಆದರೆ ಕೆಟ್ಟಿರುವುದು ಎಲ್ಲಿ ಎಂಬುದನ್ನು ಹೊರಗಿನಿಂದ ಒಳಕ್ಕೆ ಕ್ರಮವಾಗಿ ಹುಡುಕಬೇಕು. ತರಗತಿಯಲ್ಲಿ ಲೆಕ್ಕ ತಪ್ಪಿದಾಗ ಉತ್ತರವನ್ನಷ್ಟೇ ತಿದ್ದದೆ ಯಾವ ಹಂತದಲ್ಲಿ ತಪ್ಪಿತೆಂದು ನೋಡಿರೆಂದು ಹೇಳುತ್ತಿದ್ದುದು ನೆನಪಿದೆಯಷ್ಟೇ? ಇದೂ ಹಾಗೆಯೇ.

ಮೊದಲು ಫೋನಿನಿಂದ ಆರಂಭಿಸಿ. ಪೆಟ್ಟಿಗೆಯ ನಂಬರಿಗೆ ಕರೆ ಮಾಡಿದಾಗ ಗಂಟೆಯೇ ಹೋಗದಿದ್ದರೆ ದೋಷ ಸಿಮ್ಮಿನಲ್ಲೋ ಸಿಗ್ನಲ್ಲಿನಲ್ಲೋ ಇರಬಹುದು. 2018ರ ಕೊನೆಯ ವೇಳೆಗೆ ಖಾಸಗಿ ಮೊಬೈಲ್ ಕಂಪನಿಗಳು ಕನಿಷ್ಠ ರೀಚಾರ್ಜ್ ಪದ್ಧತಿಯನ್ನು ತಂದವು. ಅವಧಿ ಮುಗಿದ ಸಿಮ್ಮಿಗೆ ಒಳಬರುವ ಕರೆಯೂ ನಿಲ್ಲುತ್ತದೆ. ಯಾರಿಗೂ ಕರೆ ಮಾಡದ ಸಿಮ್ಮಿಗೆ ರೀಚಾರ್ಜ್ ಏಕೆಂದು ಸುಮ್ಮನಿದ್ದರೆ ಮೋಟಾರೂ ಸುಮ್ಮನಿರುತ್ತದೆ. ಹಳೆಯ ಪೆಟ್ಟಿಗೆ 2ಜಿಯದಾಗಿದ್ದರೆ ಅದಕ್ಕೆ ಜಿಯೋ ಸಿಮ್ ಹಾಕಿ ಪ್ರಯೋಜನವಿಲ್ಲ. ಆ ಜಾಲದಲ್ಲಿ 2ಜಿ ಇಲ್ಲ. ಗಂಟೆ ಹೋಗಿಯೂ ಮೋಟಾರು ಓಡದಿದ್ದರೆ, ನೀವು ಕರೆ ಮಾಡಿದ ನಂಬರು ಪೆಟ್ಟಿಗೆಯಲ್ಲಿ ನೋಂದಾಯಿತವಾಗಿದೆಯೇ ಎಂದು ನೋಡಿ. ಮಗ ಹೊಸ ನಂಬರು ತೆಗೆದುಕೊಂಡ ಸುದ್ದಿ ಸ್ಟಾರ್ಟರಿಗೆ ತಿಳಿದಿರಲಾರದು. ಆಂಟೆನಾ ಕಬ್ಬಿಣದ ಪೆಟ್ಟಿಗೆಯೊಳಗೇ ಬಿದ್ದಿದ್ದರೆ ಹೊರಗೆ ತೆಗೆಸಿ.

ಅನಂತರ ಅದೇ ಮೋಟಾರನ್ನು ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ಓಡಿಸಿ ನೋಡಿ. ಗುಂಡಿಗೆ ಓಡಿ ಫೋನಿಗೆ ಓಡದಿದ್ದರೆ ದೋಷ ಮೊಬೈಲ್ ಭಾಗದಲ್ಲಿದೆ. ಎರಡಕ್ಕೂ ಓಡದಿದ್ದರೆ ಮೊಬೈಲ್ ಭಾಗವನ್ನು ಬೈಯುವುದು ಬಿಟ್ಟು ಮೀಟರಿನಿಂದ ಮೂರು ಫೇಸುಗಳನ್ನೂ ಅಳೆಯಿಸಿ. ಫೇಸು ಸರಿಯಿದ್ದರೆ ರಿಲೇ. ರಿಲೇ ಸರಿಯಿದ್ದರೆ ಕಾಯಿಲ್. ಕಾಯಿಲ್ ಸರಿಯಿದ್ದರೆ ಕಾಂಟ್ಯಾಕ್ಟಿನ ನಡುವೆ ಇರುವೆಯೋ ಹಲ್ಲಿಯೋ ಸಿಕ್ಕಿ ಸತ್ತಿದೆಯೇ ಎಂಬುದು. ಇದಕ್ಕೆ ಬೇಕಾದುದು ತಾಳ್ಮೆಯೊಂದೇ. ಆದರೆ ಮುಚ್ಚಳ ತೆರೆಯುವ ಮುನ್ನ ಮೇನ್ ಸ್ವಿಚ್ ಇಳಿಸಿ ಫ್ಯೂಸು ಕೀಳುವುದನ್ನು ಮಾತ್ರ ಯಾರೂ ಮರೆಯಬಾರದು. ಫೋನಿನಲ್ಲಿ ಆಫ್ ಮಾಡಿದ್ದೇನೆಂಬ ಮಾತನ್ನು ನಂಬಿ ತಂತಿ ಮುಟ್ಟಬಾರದು. ಮನೆಯಲ್ಲಿನ್ನೊಬ್ಬರ ಫೋನಿನಲ್ಲೂ ಆ ನಂಬರು ಇದ್ದೀತು. ಮೀಟರು ಹಿಡಿಯಲು ಬಾರದವರು ಇಲ್ಲಿಂದ ಮುಂದಕ್ಕೆ ಬಲ್ಲವರನ್ನು ಕರೆಯಿರಿ.

ಇನ್ನು "ಡೈರೆಕ್ಟ್" ಮಾಡಿದರೆ ಆಗುವುದೇನು? ಓವರ್‌ಲೋಡ್ ರಿಲೇಯನ್ನು ತಪ್ಪಿಸಿದರೆ ಬಿಗಿದ ಪಂಪನ್ನು ಮೋಟಾರು ಸುಡುವ ತನಕ ತಿರುಗಿಸಲು ಯತ್ನಿಸುತ್ತದೆ. ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಓಡಿಸುವವರು ಫೇಸು ಕಾಯುವ ರಿಲೇಯನ್ನೇ ಕಿತ್ತುಹಾಕುತ್ತಾರೆ. ಕಾಂಟ್ಯಾಕ್ಟಿಗೆ ಕಡ್ಡಿ ಸಿಕ್ಕಿಸಿ ಒತ್ತಿಡುವವರೂ ಇದ್ದಾರೆ. ಹಾಗೆ ಒತ್ತಿಟ್ಟ ಸ್ಟಾರ್ಟರು ಹೋದ ಕರೆಂಟು ಬಂದೊಡನೆ ಯಾರ ಅಪ್ಪಣೆಯೂ ಇಲ್ಲದೆ ಮೋಟಾರನ್ನು ಓಡಿಸುತ್ತದೆ. ಆ ಗಳಿಗೆಯಲ್ಲಿ ಕೇಬಲ್ಲಿನ ಜಾಯಿಂಟು ಬಿಚ್ಚಿ ಕುಳಿತವರ ಗತಿ ಏನು? ರಿವೈಂಡಿಂಗ್ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳ ಸಾಲನ್ನು ಕಂಡಾಗಲೆಲ್ಲ, ಇವುಗಳಲ್ಲಿ ಎಷ್ಟು "ಬೇಡ" ಎಂದಿದ್ದವೋ ಎಂದು ನನಗನಿಸುತ್ತದೆ.

"ಮೇಷ್ಟ್ರೇ, ದಿನಕ್ಕೆ ಕೆಲವೇ ಗಂಟೆ ತ್ರೀ ಫೇಸ್ ಕೊಡುತ್ತಾರೆ. ಅದರಲ್ಲೂ ಈ ಪೆಟ್ಟಿಗೆ ಹಟ ಮಾಡಿದರೆ ಗಿಡ ಒಣಗುತ್ತದೆ" ಎಂದು ನನ್ನ ಹಳೆಯ ವಿದ್ಯಾರ್ಥಿಗಳು ವಾದಿಸುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಒಂದು ದಿನದ ನೀರು ತಪ್ಪಿದರೆ ನಾಳೆ ಬಿಡಬಹುದು. ಮೋಟಾರು ಸುಟ್ಟರೆ ನೂರಾರು ಅಡಿಗಳ ಪೈಪು ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ತನಕ ನೀರಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ 2008ರಿಂದ ಕರೆಂಟು ಉಚಿತ. ಸುಟ್ಟ ಮೋಟಾರು ಉಚಿತವಲ್ಲ, ಮನುಷ್ಯನ ಪ್ರಾಣವಂತೂ ಅಲ್ಲವೇ ಅಲ್ಲ.

ಕರೆಂಟು ಬಂದೊಡನೆ ತಾನಾಗಿ ಮೋಟಾರು ಓಡಿಸುವ ಆಟೋ ಸ್ಟಾರ್ಟರಿನ ಕತೆಯೂ ಇಲ್ಲಿ ಸ್ಮರಣೀಯ. ನೆರೆಯ ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ 24 ಗಂಟೆಗಳ ವಿದ್ಯುತ್ ಕೊಡಲು ಹೊರಟಾಗ, ಆಟೋ ಸ್ಟಾರ್ಟರುಗಳನ್ನು ತೆಗೆಯಿರೆಂದು ಸರ್ಕಾರವೇ ರೈತರಿಗೆ ಕರೆಕೊಟ್ಟಿತು. ನೀರು ಸಾಕಾದರೂ ನಿಲ್ಲದ ಮೋಟಾರು ಅಂತರ್ಜಲವನ್ನು ಬರಿದುಮಾಡೀತೆಂಬ ಭಯ. ಒಂದೇ ಟಿ.ಸಿ.ಯ ಅಷ್ಟೂ ಮೋಟಾರುಗಳು ಒಂದೇ ಕ್ಷಣದಲ್ಲಿ ಎದ್ದರೆ ಆ ಟಿ.ಸಿ.ಗೂ ಕೇಡು. ಯಾವಾಗ ಬೇಡವೆನ್ನಬೇಕೆಂಬುದನ್ನು ಅರಿಯದ ಯಂತ್ರ ಯಜಮಾನನಿಗೂ ಊರಿಗೂ ಭಾರ.

ಅಮೆರಿಕ, ಕೆನಡಾಗಳಲ್ಲಿರುವ ನಮ್ಮ ಬಂಧುಗಳು ಇದು ತೋಟದವರ ಪಾಡೆಂದು ನಗಬಾರದು. ಚಳಿಗಾಲದಲ್ಲಿ ಮನೆಯೊಳಗಿಂದಲೇ ಕಾರಿನ ಇಂಜಿನ್ ಎಬ್ಬಿಸುವ ರಿಮೋಟ್ ಸ್ಟಾರ್ಟರುಗಳೂ ಇದೇ ಜಾತಿಯವು. ಬಾನೆಟ್ ತೆರೆದಿದ್ದರೆ, ಗೇರು ಪಾರ್ಕಿನಲ್ಲಿ ಇಲ್ಲದಿದ್ದರೆ ಅವು ಓಡಲೊಲ್ಲವು. ಬಾನೆಟ್ಟಿನ ಕೆಳಗಿನ ಪುಟ್ಟ ಸ್ವಿಚ್ಚು ತುಕ್ಕು ಹಿಡಿದಾಗ ಅದನ್ನು ಬದಲಿಸದೆ, ತಂತಿ ಕತ್ತರಿಸಿ "ಸರಿಮಾಡುವ" ಜಾಣರು ಅಲ್ಲಿಯೂ ಇದ್ದಾರೆ. ಇಂಜಿನ್ನಿನ ಬೆಲ್ಟಿನ ಬಳಿ ಯಾರದೋ ಕೈಯಿರುವಾಗ ಇಂಜಿನ್ ಎದ್ದೀತೆಂದೇ ಆ ಸ್ವಿಚ್ಚನ್ನು ಇಟ್ಟಿರುವುದು. ಗೇರಿನಲ್ಲಿ ನಿಂತ ಕಾರು ತಾನಾಗಿ ಎದ್ದರೆ ಮುಂದಿರುವವರ ಮೇಲೆ ಹಾಯ್ದೀತು. ಮುಚ್ಚಿದ ಗ್ಯಾರೇಜಿನಲ್ಲಂತೂ ಈ ಸ್ಟಾರ್ಟರನ್ನು ಬಳಸಲೇಬಾರದು. ಇಂಜಿನ್ನಿನ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುವುದು ತಿಳಿಯುವುದೂ ಇಲ್ಲ.

ಹಾಗೆಂದು ತಪ್ಪೆಲ್ಲವನ್ನೂ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗುತ್ತದೆ, ಅದರಡಿ ಇಂಗ್ಲಿಷಿನ ಮೂರಕ್ಷರ. ಅದು ಫೇಸಿನ ದೋಷವೋ ನೀರಿಲ್ಲದ ಸೂಚನೆಯೋ ಎಂದು ತಿಳಿಯುವುದು ಹೇಗೆ? "ನೀರಿಲ್ಲ", "ಒಂದು ಫೇಸ್ ಇಲ್ಲ", "ಹೊರೆ ಹೆಚ್ಚು" ಎಂದು ಕನ್ನಡದಲ್ಲಿ ಅಚ್ಚು ಹಾಕಿಸಲು ತಯಾರಕರಿಗೆ ತಗಲುವ ಖರ್ಚೆಷ್ಟು? ಯಂತ್ರ ಆಡುವ ಮಾತು ಯಜಮಾನನಿಗೆ ತಿಳಿಯದ ಭಾಷೆಯಲ್ಲಿದ್ದರೆ ಅವನು ಅದರ ಬಾಯಿ ಕಟ್ಟುವುದರಲ್ಲಿ ಆಶ್ಚರ್ಯವೇನಿದೆ? ಬಬ್ಬೂರು ಫಾರಂನಂತಹ ಕೃಷಿ ಕೇಂದ್ರಗಳು ತಳಿ, ಗೊಬ್ಬರಗಳ ಜೊತೆಗೆ ಸ್ಟಾರ್ಟರಿನ ಪಾಠವನ್ನೂ ರೈತರಿಗೆ ಹೇಳಿಕೊಡುವಂತಾಗಬೇಕೆಂಬುದು ನನ್ನ ಆಗ್ರಹ.

ನನ್ನ ವಿದ್ಯಾರ್ಥಿಗಳಲ್ಲಿ ಮೋಟಾರು ರಿಪೇರಿಯನ್ನೇ ಕಸುಬಾಗಿ ಹಿಡಿದವರು ಹಲವರಿದ್ದೀರಿ. ನಿಮ್ಮಲ್ಲಿ ನನ್ನ ಬೇಡಿಕೆ ಒಂದುಂಟು. ರೈತ ಎಷ್ಟೇ ಒತ್ತಾಯಿಸಿದರೂ ರಿಲೇ ತಪ್ಪಿಸಿ ತಂತಿ ಕೊಡಬೇಡಿ. ದೋಷ ಸಿಗದಿದ್ದರೆ ಸಿಗಲಿಲ್ಲವೆಂದು ಹೇಳಿ ಬನ್ನಿ. ಅದರಿಂದ ನಿಮ್ಮ ಮರ್ಯಾದೆ ಕುಂದದು. ಈಗಾಗಲೇ ಯಾರದಾದರೂ ತೋಟದಲ್ಲಿ "ಡೈರೆಕ್ಟ್" ಕೊಟ್ಟಿದ್ದರೆ ಈ ವಾರವೇ ಹೋಗಿ, ಮೇನ್ ಇಳಿಸಿ, ರಿಲೇಯನ್ನು ಮತ್ತೆ ಕೂರಿಸಿ. ತೋಟದ ಯಜಮಾನರಾದ ಉಳಿದವರು ನಾಳೆ ಬೆಳಗ್ಗೆ ನಿಮ್ಮ ರಿಪೇರಿಯವರನ್ನು ಒಂದು ಪ್ರಶ್ನೆ ಕೇಳಿ: "ನಮ್ಮ ಸ್ಟಾರ್ಟರಿನಲ್ಲಿ ಏನೇನನ್ನು ತಪ್ಪಿಸಿದ್ದೀಯಪ್ಪಾ?"