ಲಾರಿ ಹತ್ತಿಸಿದರೆ ಲೆಕ್ಕ ಮುಗಿಯುವುದಿಲ್ಲ

ಸಕಲೇಶಪುರ, ಆಲೂರು ಕಡೆ ಆನೆಯ ವಿಷಯ ಬಂದಾಗಲೆಲ್ಲ ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಪ್ರತಿಭಟನೆಯಲ್ಲಿ ಕೇಳುವ ಮಾತು ಒಂದೇ: "ಹಿಡಿದು ಬೇರೆ ಕಡೆ ಬಿಡಿ." ಮನೆಯವರನ್ನು ಆನೆಯಿಂದ ಕಳೆದುಕೊಂಡವರು ಈ ಮಾತು ಹೇಳಿದರೆ ಎದುರು ಮಾತಾಡುವ ಧೈರ್ಯ ನನಗಿಲ್ಲ. ಆದರೆ ಉಳಿದ ನಾವು ಒಂದು ಪ್ರಶ್ನೆ ಕೇಳಲೇಬೇಕು. ಬೇರೆ ಕಡೆ ಎಂದರೆ ಎಲ್ಲಿ? ನಾನು ಕಾಮರ್ಸ್ ವಿದ್ಯಾರ್ಥಿನಿ. ಒಂದು ಖಾತೆಯಿಂದ ತೆಗೆದದ್ದನ್ನು ಇನ್ನೊಂದು ಖಾತೆಯಲ್ಲಿ ತೋರಿಸಬೇಕು ಎಂದು ನಮಗೆ ಮೊದಲ ಪಿಯುಸಿಯಲ್ಲೇ ಕಲಿಸಿದ್ದಾರೆ.

ಆ ಇನ್ನೊಂದು ಖಾತೆ ನೋಡೋಣ. 2023ರ ಅಕ್ಟೋಬರ್ ಕೊನೆಯಲ್ಲಿ ಪಕ್ಕದ ಬೇಲೂರು ತಾಲ್ಲೂಕಿನಲ್ಲಿ ಒಂದು ಮಖನಾ ಆನೆಯನ್ನು ಹಿಡಿದರು. ಮಖನಾ ಎಂದರೆ ದಂತವಿಲ್ಲದ ಗಂಡಾನೆ. ಕೊರಳಿಗೆ ರೇಡಿಯೋ ಕಾಲರ್ ಹಾಕಿ ಬಂಡೀಪುರದ ಮೂಲೆಹೊಳೆ ಕಾಡಿಗೆ ಬಿಟ್ಟರು. ನಮ್ಮ ಜಿಲ್ಲೆಗೆ ಅಲ್ಲಿಗೆ ಲೆಕ್ಕ ಚುಕ್ತಾ. ಆನೆ ಮಾತ್ರ ಗಡಿ ದಾಟಿ ವಯನಾಡಿಗೆ ನಡೆಯಿತು. 2024ರ ಫೆಬ್ರವರಿ 10ರಂದು ಮಾನಂತವಾಡಿ ಹತ್ತಿರ, ತಪ್ಪಿಸಿಕೊಳ್ಳಲು ಮನೆಯ ಅಂಗಳಕ್ಕೆ ಓಡಿದ ಒಬ್ಬರನ್ನು ಅಟ್ಟಿಸಿಕೊಂಡು ಹೋಗಿ ಕೊಂದಿತು. ಮಾಹಿತಿ ಸಕಾಲಕ್ಕೆ ಸಿಕ್ಕಿತೋ ಇಲ್ಲವೋ ಎಂದು ಆಮೇಲೆ ಎರಡು ರಾಜ್ಯಗಳು ವಾದ ಮಾಡಿದವು. ಕರ್ನಾಟಕ ಸರ್ಕಾರ ಆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಘೋಷಿಸಿತು, ನಮ್ಮಲ್ಲಿ ಅದಕ್ಕೂ ರಾಜಕೀಯ ನಡೆಯಿತು, ಕೊನೆಗೆ ಆ ಮನೆಯವರೇ ಹಣ ಬೇಡ ಎಂದರು.

ಅದಕ್ಕೆ ಎಂಟು ದಿನ ಮೊದಲು ಅದೇ ಮಾನಂತವಾಡಿ ಪೇಟೆಗೆ ಇನ್ನೊಂದು ಆನೆ ಬಂದಿತ್ತು. ಅದೂ ಹಾಸನ ಜಿಲ್ಲೆಯದೇ. ಜನವರಿಯಲ್ಲಿ ಹಿಡಿದು ಬಂಡೀಪುರಕ್ಕೆ ಬಿಟ್ಟಿದ್ದರು. ಕೇರಳದವರು ಅರವಳಿಕೆ ಕೊಟ್ಟು ಮತ್ತೆ ಲಾರಿ ಹತ್ತಿಸಿ ಬಂಡೀಪುರದ ರಾಮಾಪುರ ಶಿಬಿರಕ್ಕೆ ಕಳಿಸಿದರು. ಮರುದಿನ ಅದು ಸತ್ತಿತ್ತು. ಮೂರು ವಾರದೊಳಗೆ ಎರಡು ಸಲ ಅರವಳಿಕೆ, ಎರಡು ಸಲ ಲಾರಿ.

ಈ ಆನೆಗಳು ಬಿಟ್ಟ ಕಡೆ ಏಕೆ ನಿಲ್ಲಲಿಲ್ಲ? ಆನೆಗಳ ಹಿಂಡು ಹೆಣ್ಣುಗಳ ಸಂಸಾರ. ಅಜ್ಜಿ, ಅಮ್ಮ, ಚಿಕ್ಕಮ್ಮ, ಅಕ್ಕತಂಗಿಯರು, ಮರಿಗಳು. ದಾರಿ, ನೀರು, ಯಾವ ಕಾಲಕ್ಕೆ ಎಲ್ಲಿ ಏನು ಹಣ್ಣಾಗುತ್ತದೆ ಎಂಬುದೆಲ್ಲ ಹಿರಿಯ ಹೆಣ್ಣಿನ ತಲೆಯಲ್ಲಿರುತ್ತದೆ. ಗಂಡು ಮರಿ ಹತ್ತು ಹದಿನೈದು ವರ್ಷಕ್ಕೆ ಬಂದಾಗ ಹಿಂಡು ಬಿಡಬೇಕು. ರಕ್ತಸಂಬಂಧದಲ್ಲೇ ಸಂತಾನವಾಗದಂತೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. (ನಮ್ಮಲ್ಲಿ ತವರು ಬಿಡುವವಳು ಹುಡುಗಿ, ಅವರಲ್ಲಿ ಹುಡುಗ. ಈ ಪದ್ಧತಿ ನನಗಂತೂ ಇಷ್ಟವಾಯಿತು.) ಹಾಗೆ ಹೊರಬಿದ್ದ ಸಲಗ ಹೊಸ ಜಾಗ, ಹೊಸ ಹಿಂಡು ಹುಡುಕುತ್ತಾ ದೂರ ದೂರ ನಡೆಯುತ್ತದೆ. ನಡೆಯುವುದೇ ಅದರ ಸ್ವಭಾವ.

ದಾರಿ ಹುಡುಕಲು ಅದಕ್ಕೆ ನೆನಪು ಮಾತ್ರವಲ್ಲ, ಮೂಗೂ ಇದೆ. ವಾಸನೆ ಹಿಡಿಯುವ ಜೀನ್‌ಗಳು ಆಫ್ರಿಕಾದ ಆನೆಯಲ್ಲಿ ಸುಮಾರು 2,000 ಇವೆ ಎಂದು ಜಪಾನಿನ ವಿಜ್ಞಾನಿಗಳು 2014ರಲ್ಲಿ ತೋರಿಸಿದರು. ಅದು ನಾಯಿಯದಕ್ಕಿಂತ ಎರಡು ಪಟ್ಟು, ಮನುಷ್ಯರದಕ್ಕಿಂತ ಐದು ಪಟ್ಟು. ಇಂಥ ಪ್ರಾಣಿಗೆ ನಮ್ಮ ಹಲಸು, ಬಾಳೆ, ಡಿಸೆಂಬರಿನ ಭತ್ತದ ಗದ್ದೆ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲು ಮಲಗಲು ಕಾಫಿ ತೋಟದ ನೆರಳು, ಕುಡಿಯಲು ತೋಟದ ಕೆರೆ ಮತ್ತು ಹೇಮಾವತಿಯ ಹಿನ್ನೀರು, ರಾತ್ರಿ ಊಟಕ್ಕೆ ಗದ್ದೆ. ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕಾದ ಪ್ರಾಣಿ ಇದನ್ನು ಬಿಟ್ಟು ಹೋಗಲಿ ಎಂದರೆ ಹೇಗೆ?

ಇಲ್ಲಿಂದ ಆನೆಗಳನ್ನು ಪೂರ್ತಿ ತೆಗೆದುಬಿಡುವ ಪ್ರಯತ್ನವೂ ಆಗಿದೆ. ಹೈಕೋರ್ಟ್ ಆದೇಶದಿಂದ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು ಭಾಗದ ಆನೆಗಳನ್ನು ಹಿಡಿಯಬೇಕು ಎಂದಿತು. 2014ರಲ್ಲಿ 22 ಆನೆಗಳನ್ನು ಹಿಡಿದರು. ಆಗ ನಾನು ಚಿಕ್ಕ ಮಗು. ಇವತ್ತು ನಾನು ಪಿಯುಸಿಯಲ್ಲಿದ್ದೇನೆ, ಆನೆಗಳೂ ಇವೆ. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು, ಏಕೆಂದರೆ ನೆರಳು, ನೀರು, ಗದ್ದೆ ಇದ್ದಲ್ಲೇ ಇದ್ದವು. ಶ್ರೀಲಂಕಾದಲ್ಲಿ 12 ಸಲಗಗಳಿಗೆ ಕಾಲರ್ ಹಾಕಿ ರಾಷ್ಟ್ರೀಯ ಉದ್ಯಾನಗಳಿಗೆ ಬಿಟ್ಟು ನೋಡಿದ ಅಧ್ಯಯನವೊಂದು ಅದೇ 2012ರಲ್ಲಿ ಪ್ರಕಟವಾಗಿದೆ. ಕೆಲವು ಹಿಡಿದ ಊರಿಗೇ ವಾಪಸ್, ಕೆಲವು ಎಲ್ಲೆಲ್ಲೋ ಅಲೆದಾಟ, ಕೆಲವು ಹೊಸ ಜಾಗದ ಸುತ್ತಲೇ ಬೀಡು. ಜನರ ಸಾವೂ ಆನೆಗಳ ಸಾವೂ ಇದರಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಹಿಡಿಯುವ ಖರ್ಚನ್ನೂ ಬರೆಯಬೇಕಲ್ಲ. ಎಂಟು ವರ್ಷ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇಲ್ಲೇ, ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಭೀಮನಿಗೆ ಚಿಕಿತ್ಸೆ ಕೊಡಲು ಅರವಳಿಕೆ ಹೊಡೆದ ಅನುಭವಿ ಸಿಬ್ಬಂದಿ ಅದೇ ಆನೆಗೆ ಬಲಿಯಾದರು.

ಹಾಗಾದರೆ ಸುಮ್ಮನಿರಬೇಕೇ? ಇಲ್ಲ. ಜನ ಸಾಯುವುದು ಹೆಚ್ಚಾಗಿ ಆನೆ ಇದೆ ಎಂದು ಗೊತ್ತಿಲ್ಲದೆ ಎದುರಾದಾಗ. ಮಂಜು ಮುಸುಕಿದ ಬೆಳಗ್ಗೆ ತೋಟದ ತಿರುವಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಆದ್ದರಿಂದ ಮೊದಲು ಸಿಗಬೇಕಾದದ್ದು ಸುದ್ದಿ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಆನಂದ ಕುಮಾರ್ ಮತ್ತು ತಂಡ ಮೊಬೈಲ್ ಸಂದೇಶ, ಕೆಂಪು ದೀಪಗಳಿಂದ ಇದನ್ನು ಮಾಡಿ ತೋರಿಸಿತು. 2015ರಲ್ಲಿ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. ಆ ಪದ್ಧತಿ ನಮ್ಮ ಜಿಲ್ಲೆಗೂ ಬಂದಿದೆ. ಅರಣ್ಯ ಇಲಾಖೆಯ ಕಾರ್ಯಪಡೆಯ ಹುಡುಗರು ರಾತ್ರಿಯಿಡೀ ಹಿಂಡಿನ ಹಿಂದೆ ಓಡಾಡಿ ಎಲ್ಲಿದೆ ಎಂದು ತಿಳಿಸುತ್ತಾರೆ. ಅವರಿಗೆ ನನ್ನ ಸಲಾಂ.

ಆದರೆ ಸುದ್ದಿ ಯಾವ ಭಾಷೆಯಲ್ಲಿ? ನಮ್ಮ ಊರಿನ ಗ್ರೂಪಿಗೆ ಸಂದೇಶ ಬರುವುದು ಕನ್ನಡ ಲಿಪಿಯಲ್ಲಿ. ನನ್ನ ಖಾಲಾ ಬೆಳಗ್ಗೆ ಏಳೂವರೆಗೆ ಕಾಫಿ ಹಣ್ಣು ಕೊಯ್ಯಲು ಹೊರಡುತ್ತಾರೆ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. "ಹಾತಿ ಕಾಂ ಹೈ, ಬೇಟಿ?" ಎಂದು ಫೋನ್ ನನ್ನ ಕೈಗೆ ಕೊಡುತ್ತಾರೆ. ನಾನು ಮನೆಯಲ್ಲಿಲ್ಲದ ದಿನ? ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರು ಇದ್ದಾರೆ. ಆನೆಗಿಂತ ದೂರದಿಂದ ಬಂದ ವಲಸೆಗಾರರು ಅವರು. ಅವರಿಗೆ ಓದಿ ಹೇಳುವವರು ಯಾರು? ಮೂವತ್ತು ಸೆಕೆಂಡಿನ ಧ್ವನಿ ಸಂದೇಶ ಸಾಕು. ಅದಕ್ಕೆ ಟೆಂಡರ್ ಬೇಕಾಗಿಲ್ಲ.

ಇನ್ನೊಂದು ಹಾಜರಾತಿಯ ಮಾತು. ದಾರಿಯಲ್ಲಿ ಹಿಂಡು ಇದೆ ಎಂಬ ಸಂದೇಶ ಬಂದ ದಿನ ಬಸ್ ನಿಲ್ದಾಣದವರೆಗೆ ನಡೆದು ಬರಲಾಗದ ಹುಡುಗಿಗೆ ಗೈರುಹಾಜರಿ ಹಾಕಿದರೆ, ಶೇಕಡಾ 75ರ ಲೆಕ್ಕಕ್ಕಾಗಿ ಅವಳು ಮರುದಿನ ಹೆದರಿಕೊಂಡೇ ಮಂಜಿನಲ್ಲಿ ನಡೆಯುತ್ತಾಳೆ. ಆ ಸಂದೇಶವನ್ನೇ ರಜಾ ಅರ್ಜಿ ಎಂದು ಒಪ್ಪಬೇಕೆಂದು ನಮ್ಮ ಪ್ರಾಂಶುಪಾಲರಲ್ಲಿ ವಿನಂತಿ.

ಉರ್ದುವಿನಲ್ಲಿ ಧ್ವನಿ ಸಂದೇಶ ಮಾಡಲು ನಮ್ಮ ತರಗತಿಯಿಂದ ಆರು ಜನ ಹೆಸರು ಕೊಟ್ಟಿದ್ದೇವೆ. ಬ್ಯಾರಿ, ತಮಿಳು ಬಲ್ಲವರು ವಿಜ್ಞಾನ ವಿಭಾಗದಲ್ಲಿ ಸಿಗುತ್ತಾರೆ. ಅಸ್ಸಾಮಿ ಅಥವಾ ಬಂಗಾಳಿ ಬರುವವರು ನಿಮ್ಮ ಮನೆ ಹತ್ತಿರದ ತೋಟದಲ್ಲಿದ್ದರೆ, ಭತ್ತದ ಕೊಯ್ಲು ಶುರುವಾಗುವ ಮೊದಲು ಅವರನ್ನು ಮಾತಾಡಿಸಿ ಗ್ರಂಥಾಲಯದ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಬರೆಯಿರಿ.